ಕಯಾಕಿಗೆ ಫಿಶ್ ಫೈಂಡರ್: ಪರದೆಗಿಂತ ಮೊದಲು ನೋಡಬೇಕಾದದ್ದು

ಮಲ್ಪೆಯಲ್ಲೋ ಮಂಗಳೂರು ದಕ್ಕೆಯಲ್ಲೋ ಕಟ್ಟಿ ನಿಲ್ಲಿಸಿದ ಆಳಸಮುದ್ರದ ಬೋಟುಗಳ ಚುಕ್ಕಾಣಿ ಕೋಣೆಯಲ್ಲಿ ಜಿಪಿಎಸ್, ವಯರ್‌ಲೆಸ್‌ಗಳ ಪಕ್ಕ ಫಿಶ್ ಫೈಂಡರ್ ಇರುವುದು ಈಗ ಮಾಮೂಲು. ಅದಕ್ಕೆ ಎಂಜಿನ್ನಿನ ಕಡೆಯಿಂದ ಕರೆಂಟ್ ಬರುತ್ತದೆ, ತಲೆಯ ಮೇಲೆ ಸೂರಿದೆ, ಬೋಟಿನ ತಳದಲ್ಲಿ, ನೀರಿಗೆ ಶಬ್ದ ಕಳಿಸಿ ಮರುದನಿ ಹಿಡಿಯುವ ಟ್ರಾನ್ಸ್‌ಡ್ಯೂಸರ್ ಕೂರಿಸಲು ಬೇಕಾದಷ್ಟು ಜಾಗವಿದೆ. ಅದೇ ಯಂತ್ರವನ್ನು ಹನ್ನೆರಡು ಅಡಿ ಉದ್ದದ, ಒಬ್ಬರೇ ಕೂತು ಹುಟ್ಟು ಹಾಕುವ ಪ್ಲಾಸ್ಟಿಕ್ ಕಯಾಕಿಗೆ ತಂದಾಗ ಈ ಮೂರರಲ್ಲಿ ಒಂದೂ ಸಿಗುವುದಿಲ್ಲ. ಕರೆಂಟನ್ನು ಹೊತ್ತು ತರಬೇಕು, ನೀರು ಯಾವಾಗಲೂ ಮೇಲೆ ಎರಚುತ್ತಿರುತ್ತದೆ, ಟ್ರಾನ್ಸ್‌ಡ್ಯೂಸರಿಗೆ ಜಾಗವನ್ನು ಹುಡುಕಿ ಮಾಡಿಕೊಳ್ಳಬೇಕು. ಹೀಗಿದ್ದೂ ಕೊಳ್ಳುವವರಲ್ಲಿ ಹೆಚ್ಚಿನವರು ಅಂಗಡಿಯಲ್ಲಿ ಮೊದಲು ಕೇಳುವುದು ಪರದೆ ಎಷ್ಟು ಇಂಚು ಎಂದು. ಕಯಾಕಿನ ಮಟ್ಟಿಗೆ ಈ ಕ್ರಮವನ್ನು ತಿರುಗಿಸಬೇಕು. ಮೊದಲು ಟ್ರಾನ್ಸ್‌ಡ್ಯೂಸರ್ ಎಲ್ಲಿ ಕೂರುತ್ತದೆ, ಆಮೇಲೆ ಬ್ಯಾಟರಿ ಯಾವುದು, ಪರದೆಯ ಮಾತು ಕೊನೆಗೆ.

ಯಂತ್ರದ ಹುಟ್ಟು ಜಪಾನಿನದು. ನಾಗಸಾಕಿ ಪ್ರಾಂತ್ಯದ ಕುಚಿನೊತ್ಸು ಎಂಬ ಬಂದರಿನಲ್ಲಿ ಹಡಗುಗಳ ವಿದ್ಯುತ್ ಕೆಲಸ ಮಾಡಿಕೊಂಡಿದ್ದ ಫುರುನೊ ಸಹೋದರರು, ನೀರಿನಿಂದ ಗುಳ್ಳೆ ಏಳುವ ಕಡೆ ಮೀನಿರುತ್ತದೆ ಎಂದು ಬೆಸ್ತರು ಹೇಳುತ್ತಿದ್ದ ಮಾತನ್ನು ಹಿಡಿದು ಹೊರಟರು. ಗುಳ್ಳೆಗೆ ತಾಗಿ ಶಬ್ದ ಮರಳುತ್ತದಾದರೆ ಮೀನಿನ ಗುಂಪೂ ಸಿಕ್ಕಬೇಕಲ್ಲ ಎಂಬುದು ಅವರ ಲೆಕ್ಕ. ಅವರ ಕೈಯಿಂದ ಮೀನುಗಾರರ ಉಪಯೋಗಕ್ಕೆ ಬರುವ ಫಿಶ್ ಫೈಂಡರ್ ಹೊರಬಂದದ್ದು 1948ರಲ್ಲಿ. ಹವ್ಯಾಸಕ್ಕೆ ಗಾಳ ಹಾಕುವವರ ಕೈಗೆ ಅದನ್ನು ಇಳಿಸಿದ್ದು ಅಮೆರಿಕದ ಲೊರೆನ್ಸ್ ಕಂಪನಿ, 1957ರಲ್ಲಿ. ಕೈಯಲ್ಲಿ ಹಿಡಿದು ಸಣ್ಣ ದೋಣಿಗೆ ಹತ್ತಿಸಬಹುದಾದ ಅವರ ಹಸಿರು ಪೆಟ್ಟಿಗೆಗೆ ಅಲ್ಲಿನ ಬಾಸ್ ಮೀನಿನ ಬೇಟೆಗಾರರು ಮುಗಿಬಿದ್ದರು.

ಅವರಿಗೆ ಅದು ಅಷ್ಟೊಂದು ಬೇಕಾಗಿದ್ದಕ್ಕೆ ಕಾರಣ ಅಲ್ಲಿನ ಜಲಾಶಯಗಳು. ಟೆಕ್ಸಸ್‌ನ ಲೇಕ್ ಫೋರ್ಕ್‌ನಂಥ ಕಡೆ ಅಣೆಕಟ್ಟು ಕಟ್ಟುವಾಗ ಎಷ್ಟೋ ಮರಗಳನ್ನು ಕಡಿಯದೆ ನಿಂತಲ್ಲೇ ಮುಳುಗಲು ಬಿಟ್ಟರು, ಮೀನಿಗೆ ಆಸರೆಯಾಗಲಿ ಎಂದು. ಮೇಲಿನಿಂದ ನೋಡಿದರೆ ಒಂದೇ ಸಮನಾದ ನೀರು. ಕೆಳಗೆ ಹಳೇ ಹಳ್ಳದ ಪಾತ್ರ, ರಸ್ತೆ, ದಿಬ್ಬ, ಬೇರುಬೊಡ್ಡೆ. ಬಾಸ್ ಇರುವುದು ಇವುಗಳ ಅಂಚಿನಲ್ಲಿ. ನಮ್ಮ ಶರಾವತಿ ಹಿನ್ನೀರನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಲಿಂಗನಮಕ್ಕಿ ತುಂಬಿದ ಮೇಲೆ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೆಯೇ ಒಳಗೆ ಮುಳುಗಿದೆ; ನೀರು ತೀರಾ ಇಳಿದ ಬೇಸಿಗೆಯಲ್ಲಿ ಮಾತ್ರ ತಲೆ ಎತ್ತುತ್ತದೆ. ಹೊನ್ನೆಮರಡುವಿನಲ್ಲಿ ಕಯಾಕ್ ಹತ್ತಿದವರ ಕೆಳಗೆ ಇರುವುದೂ ಇಂಥದೇ ಮುಳುಗಿದ ಊರು, ಕಾಡು. (ಅಲ್ಲಿ ಗಾಳ ಹಾಕಬೇಕೆಂದರೆ ಮೀನುಗಾರಿಕೆ ಇಲಾಖೆಯ ಪರವಾನಗಿ, ಅಭಯಾರಣ್ಯದ ಗಡಿ ಎರಡನ್ನೂ ಮೊದಲು ವಿಚಾರಿಸಿಕೊಳ್ಳಬೇಕು.) ಆದ್ದರಿಂದ ಈ ಯಂತ್ರ ಮೀನನ್ನು ತೋರಿಸುವುದಕ್ಕಿಂತ ಹೆಚ್ಚಾಗಿ ಮೀನು ನಿಲ್ಲುವ ಜಾಗವನ್ನು ತೋರಿಸುತ್ತದೆ. ಆಯ್ಕೆಯ ಪ್ರಶ್ನೆಗಳೆಲ್ಲ ಇಲ್ಲಿಂದಲೇ ಶುರುವಾಗುತ್ತವೆ.

ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್. ಟ್ರಾನ್ಸ್‌ಡ್ಯೂಸರ್ ಕಳಿಸಿದ ಮಿಡಿತ ಹತ್ತು ಮೀಟರ್ ಆಳದ ತಳಕ್ಕೆ ತಾಗಿ ಮರಳಲು ಸೆಕೆಂಡಿನ ನೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಸಾಕು. ಮೀನಿನ ಮೈ ಬಹುಪಾಲು ನೀರೇ ಆದ್ದರಿಂದ ಶಬ್ದ ಅದನ್ನು ಹೆಚ್ಚುಕಡಿಮೆ ಹಾಯ್ದು ಹೋಗುತ್ತದೆ. ಅದನ್ನು ಬಲವಾಗಿ ತಿರುಗಿಸಿ ಕಳಿಸುವುದು ಹೊಟ್ಟೆಯೊಳಗಿನ ಗಾಳಿಚೀಲ. ಗಾಳಿಚೀಲವಿಲ್ಲದ ಶಾರ್ಕ್ ತನ್ನ ಗಾತ್ರಕ್ಕೆ ತಕ್ಕಷ್ಟು ಎದ್ದು ಕಾಣದಿರುವುದು ಇದೇ ಕಾರಣಕ್ಕೆ.

ಶಬ್ದ ಟಾರ್ಚಿನ ಬೆಳಕಿನ ಹಾಗೆ ಕೆಳಗಿಳಿದಷ್ಟೂ ಹರಡುತ್ತದೆ. 200 ಕಿಲೋಹರ್ಟ್ಸ್‌ನಲ್ಲಿ ಸುಮಾರು 20 ಡಿಗ್ರಿ ಕೋನವಿರುವ ಟ್ರಾನ್ಸ್‌ಡ್ಯೂಸರ್ ಹತ್ತು ಮೀಟರ್ ಆಳದಲ್ಲಿ ನೋಡುವುದು ಮೂರೂವರೆ ಮೀಟರ್ ಅಗಲದ ವೃತ್ತವನ್ನು. 83 ಕಿಲೋಹರ್ಟ್ಸ್‌ನ 60 ಡಿಗ್ರಿ ಕೋನವಾದರೆ ಹನ್ನೊಂದೂವರೆ ಮೀಟರ್. ಅಗಲವಾದಷ್ಟೂ ಹೆಚ್ಚು ಸಿಗುತ್ತದೆ, ಆದರೆ ಸಿಕ್ಕಿದ್ದು ದೋಣಿಯ ಯಾವ ಮಗ್ಗುಲಲ್ಲಿದೆ ಎಂಬುದು ತಿಳಿಯುವುದಿಲ್ಲ. ಎರಡು ಮೀಟರ್ ಆಳದ ಕೆರೆಯಲ್ಲಂತೂ 20 ಡಿಗ್ರಿಯ ಕೋನ ನೋಡುವುದು ಬರೀ ಎಪ್ಪತ್ತು ಸೆಂಟಿಮೀಟರ್ ಅಗಲವನ್ನು, ಅಂದರೆ ಹೆಚ್ಚುಕಡಿಮೆ ಕಯಾಕಿನಷ್ಟೇ ಅಗಲ. ಅಷ್ಟು ಹತ್ತಿರಕ್ಕೆ ಹೋದರೆ ಮೀನು ಆಗಲೇ ಚೆದುರಿರುತ್ತದೆ. ಬರೀ ಕೆಳಗೆ ನೋಡುವ ಫಿಶ್ ಫೈಂಡರ್ ತೆಳು ನೀರಿನಲ್ಲಿ ಆಳದ ಅಳತೆಗೋಲಾಗಿ ಉಳಿಯುವುದು ಇದರಿಂದ.

ಹೊಸಬರು ಎಡವುವ ಜಾಗ ಇನ್ನೊಂದು. ಪರದೆಯ ಬಲ ಅಂಚಿನಲ್ಲಿ ಮೂಡುವ ಗೆರೆಯಷ್ಟೇ ಈ ಕ್ಷಣದ್ದು. ಎಡಕ್ಕೆ ಸರಿದದ್ದೆಲ್ಲ ಆಗಿಹೋದದ್ದು. ದೋಣಿ ಮೀನಿನ ಮೇಲೆ ಹಾಯ್ದುಹೋದರೆ ದೂರ ಮೊದಲು ಕಡಿಮೆಯಾಗಿ ಮತ್ತೆ ಹೆಚ್ಚುವುದರಿಂದ ಕಮಾನು ಮೂಡುತ್ತದೆ. ದೋಣಿಯೂ ಮೀನೂ ನಿಂತಲ್ಲೇ ನಿಂತಿದ್ದರೆ ಅದೇ ಅಂಗೈ ಉದ್ದದ ಮೀನು ಪರದೆಯ ತುಂಬ ಉದ್ದನೆಯ ಪಟ್ಟಿಯಾಗಿ ಹರಿಯುತ್ತದೆ. ಪಟ್ಟಿ ಉದ್ದವಾದಷ್ಟೂ ಮೀನು ದೊಡ್ಡದು ಎಂದುಕೊಳ್ಳಬಾರದು. ಗೆರೆಯ ದಪ್ಪವನ್ನೂ ಬಣ್ಣದ ಗಾಢತೆಯನ್ನೂ ನೋಡಬೇಕು. ಪುಟ್ಟ ಮೀನಿನ ಚಿತ್ರಗಳನ್ನು ಮೂಡಿಸುವ ಸೌಲಭ್ಯವನ್ನು ಮೊದಲ ದಿನವೇ ಆರಿಸುವುದು ಒಳ್ಳೆಯದು. ಅದು ತೇಲುವ ಎಲೆಗೂ ಏಳುವ ಗುಳ್ಳೆಗೂ ಮೀನಿನ ಚಿತ್ರ ಹಾಕುತ್ತದೆ. ತಳ ಗಟ್ಟಿಯಿದ್ದರೆ ಗೆರೆ ಗಾಢವಾಗಿರುತ್ತದೆ. ನೀರು ಹೆಚ್ಚು ಆಳವಿಲ್ಲದಿದ್ದರೆ ಸರಿಯಾಗಿ ಎರಡರಷ್ಟು ಆಳದಲ್ಲಿ ಅದರ ಮರುದನಿಯೂ ಕಾಣುತ್ತದೆ. ಕೆಸರಿನ ತಳ ಶಬ್ದವನ್ನು ಹೀರುವುದರಿಂದ ಆ ಎರಡನೇ ಗೆರೆ ಮಸುಕಾಗುತ್ತದೆ, ಇಲ್ಲವೇ ಇಲ್ಲವಾಗುತ್ತದೆ. ಕೆಸರು ಮುಗಿದು ಕಲ್ಲು ಶುರುವಾಗುವ ಗಡಿಯನ್ನು ಹೀಗೆ ಗುರುತಿಸಲು ಕಲಿತವರಿಗೆ ನಾಲ್ಕು ಇಂಚಿನ ಪರದೆ ಸಾಲುತ್ತದೆ. ಕಲಿಯದವರ ಮುಂದೆ ಹನ್ನೆರಡು ಇಂಚಿನದಿಟ್ಟರೂ ಪ್ರಯೋಜನ ಅಷ್ಟಕ್ಕಷ್ಟೇ.

ಇನ್ನು ಟ್ರಾನ್ಸ್‌ಡ್ಯೂಸರ್ ಕೂರಿಸುವ ವಿಚಾರ. ಕಯಾಕಿನಲ್ಲಿ ಇದಕ್ಕೆ ಮೂರು ದಾರಿಗಳು ರೂಢಿಯಲ್ಲಿವೆ. ಒಂದು, ಒಡಲಿನ ಒಳಗಡೆಯಿಂದ ತಳಕ್ಕೆ ಅಂಟಿಸುವುದು. ಪಾಲಿಥಿಲೀನ್ ಪ್ಲಾಸ್ಟಿಕ್ಕಿನ ಮೂಲಕ ಶಬ್ದ ಸಲೀಸಾಗಿ ನೀರಿಗಿಳಿಯುತ್ತದೆ, ಗಾಳಿಯ ಮೂಲಕ ಮಾತ್ರ ಇಳಿಯುವುದಿಲ್ಲ. ಅಂಟಿನ ನಡುವೆ ಸಾಸಿವೆಯಷ್ಟು ಗುಳ್ಳೆಗಳು ಉಳಿದರೂ ಚಿತ್ರ ಕೆಡುತ್ತದೆ. ಅಂಟಿಸುವ ಮುನ್ನ ಜಾಗ ಪರೀಕ್ಷಿಸಲು ಒಂದು ಸುಲಭದ ಉಪಾಯವಿದೆ. ಪ್ಲಾಸ್ಟಿಕ್ ಚೀಲದಲ್ಲಿ ನೀರು ತುಂಬಿ, ಅದರೊಳಗೆ ಟ್ರಾನ್ಸ್‌ಡ್ಯೂಸರ್ ಇಟ್ಟು, ಚೀಲವನ್ನು ಒಡಲಿನ ತಳಕ್ಕೆ ಒತ್ತಿ ಹಿಡಿದು ದೋಣಿಯನ್ನು ನೀರಿಗೆ ಬಿಡುವುದು. ಆಳ ಸ್ಥಿರವಾಗಿ ತೋರಿಸಿದರೆ ಜಾಗ ಸರಿ. ಅಂಕಿ ಕುಣಿದಾಡಿದರೆ ನಾಲ್ಕು ಬೆರಳು ಆಚೆ ಸರಿಸಿ ನೋಡುವುದು. ಪಾಲಿಥಿಲೀನಿಗೆ ಯಾವ ಅಂಟೂ ಭದ್ರವಾಗಿ ಕಚ್ಚದ ಕಾರಣ ಕೆಲವರು ಸ್ಪಂಜಿನ ಪಟ್ಟಿಯಿಂದ ಸಣ್ಣ ಕಟ್ಟೆ ಕಟ್ಟಿ, ಒಳಗೆ ಪೆಟ್ರೋಲಿಯಂ ಜೆಲ್ಲಿ ತುಂಬಿ, ಅದರಲ್ಲಿ ಟ್ರಾನ್ಸ್‌ಡ್ಯೂಸರನ್ನು ಮುಳುಗಿಸಿ ಕೂರಿಸುತ್ತಾರೆ. ಬೇಕಾದಾಗ ಬಿಚ್ಚಬಹುದಾದ ಈ ವಿಧಾನವೇ ನನಗೆ ಮೇಲೆನಿಸುತ್ತದೆ. ಒಳಗಿಟ್ಟರೆ ಕಲ್ಲಿಗೆ ತಾಗುವ ಭಯವಿಲ್ಲ. ಆದರೆ ನೀರಿನ ಉಷ್ಣತೆಯ ಬದಲು ಒಡಲಿನ ಉಷ್ಣತೆ ತೋರಿಸುತ್ತದೆ, ಮತ್ತು ಹೆಚ್ಚು ಆವರ್ತನದ ಚಿತ್ರಗಳು ಪ್ಲಾಸ್ಟಿಕ್ ದಾಟುವಾಗ ಮಂಕಾಗುತ್ತವೆ.

ಎರಡನೆಯದು, ನೀರು ಬಸಿದುಹೋಗಲೆಂದು ತಳದಲ್ಲಿ ಬಿಟ್ಟಿರುವ ಸ್ಕಪ್ಪರ್ ತೂತಿನಲ್ಲಿ ಕೂರಿಸುವುದು. ಹಲವು ಕಂಪನಿಗಳು ಇದಕ್ಕೆಂದೇ ತಳದಲ್ಲಿ ಗೂಡು ಬಿಟ್ಟ ಕಯಾಕುಗಳನ್ನು ಮಾರುತ್ತವೆ. ಹೊಸ ಕಯಾಕ್ ಕೊಳ್ಳುವವರು ಆ ಗೂಡಿನ ಅಳತೆ ತಮ್ಮ ಟ್ರಾನ್ಸ್‌ಡ್ಯೂಸರಿಗೆ ಒಗ್ಗುತ್ತದೆಯೇ ಎಂದು ನೋಡಿಕೊಂಡರೆ ಮುಕ್ಕಾಲು ತಲೆನೋವು ತಪ್ಪುತ್ತದೆ. ಮೂರನೆಯದು, ಮಗ್ಗುಲಿನ ಹಳಿಗೆ ಸಿಕ್ಕಿಸಿ ನೀರಿಗಿಳಿಬಿಡುವ ತೋಳು. ದೋಣಿಗೆ ಒಂದು ತೂತೂ ಕೊರೆಯಬೇಕಿಲ್ಲ. ದಡಕ್ಕೆ ಬರುವಾಗ ಮೇಲೆತ್ತಿಕೊಳ್ಳಬಹುದು. ಪಕ್ಕಕ್ಕೆ ನೋಡುವ ಸೋನಾರಿಗೆ ಇದೇ ಹೆಚ್ಚು ಸರಿ, ಏಕೆಂದರೆ ಟ್ರಾನ್ಸ್‌ಡ್ಯೂಸರ್ ಒಡಲಿಗಿಂತ ಕೆಳಗೆ ಇಳಿದಿದ್ದರೇ ಎರಡೂ ಕಡೆಯ ನೋಟ ತೆರೆಯುತ್ತದೆ. ಕಳೆ ಸಿಕ್ಕಿಕೊಳ್ಳುವುದು, ಗಾಳದ ದಾರ ಸುತ್ತಿಕೊಳ್ಳುವುದು ಅದರ ಕಾಟಗಳು.

ಬ್ಯಾಟರಿಯ ಲೆಕ್ಕ ಇಷ್ಟು. ನಾಲ್ಕೈದು ಇಂಚಿನ ಪರದೆಯವು ಸುಮಾರು ಕಾಲು ಆಂಪಿಯರಿನಿಂದ ಅರ್ಧ ಆಂಪಿಯರ್ ತನಕ ಎಳೆಯುತ್ತವೆ. ಏಳು ಇಂಚಿನವು ಒಂದು ಆಂಪಿಯರಿನ ಆಸುಪಾಸು. ಬೈಕು, ಯುಪಿಎಸ್‌ಗಳಲ್ಲಿ ಕಾಣುವಂಥ 12 ವೋಲ್ಟ್ 7 ಆಂಪಿಯರ್-ಅವರ್‌ನ ಸೀಸದ ಬ್ಯಾಟರಿ ಎರಡು ಕೆಜಿ ದಾಟುತ್ತದೆ. ಅದನ್ನು ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಿದರೆ ಬಾಳಿಕೆ ಕುಗ್ಗುವುದರಿಂದ ಉಪಯೋಗಕ್ಕೆ ಬರುವುದು ಮೂರೂವರೆಯಷ್ಟೇ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಾದರೆ ಒಂದೂಕಾಲು ಕೆಜಿ ಆಸುಪಾಸಿನ ತೂಕದಲ್ಲಿ 10 ಆಂಪಿಯರ್-ಅವರ್ ಸಿಗುತ್ತದೆ, ಹೆಚ್ಚುಕಡಿಮೆ ಪೂರ್ತಿ ಬಳಸಬಹುದು, ವೋಲ್ಟೇಜೂ ಕೊನೆಯವರೆಗೆ ಇಳಿಯದೆ ನಿಲ್ಲುತ್ತದೆ. ಬೆಲೆ ಹೆಚ್ಚಾದರೂ ಕಯಾಕಿಗೆ ಇದೇ ಸರಿ. ಅದಕ್ಕೆಂದೇ ಮಾಡಿದ ಚಾರ್ಜರ್ ಬಳಸಬೇಕು. ಅಮೆರಿಕ, ಕೆನಡಾಗಳ ಚಳಿಯಲ್ಲಿರುವವರು ನೆನಪಿಡಬೇಕಾದ್ದು, ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜಿಗೆ ಹಾಕಬಾರದು. ಅಲ್ಲಿಂದ ಊರಿಗೆ ತರುವವರಿಗೂ ಒಂದು ಮಾತು. ಬಿಡಿ ಲಿಥಿಯಂ ಬ್ಯಾಟರಿಯನ್ನು ವಿಮಾನದಲ್ಲಿ ಕೈಚೀಲದಲ್ಲಷ್ಟೇ ಒಯ್ಯಬೇಕು. 100 ವಾಟ್-ಅವರ್ ತನಕ ಕೇಳಬೇಕಿಲ್ಲ, 160ರ ತನಕ ವಿಮಾನ ಕಂಪನಿಯ ಒಪ್ಪಿಗೆ ಬೇಕು. 12.8 ವೋಲ್ಟಿನ 7 ಆಂಪಿಯರ್-ಅವರ್ ಬ್ಯಾಟರಿ 90ರ ಒಳಗಿದೆ. 10 ಆಂಪಿಯರ್-ಅವರ್‌ನದು 128 ಆಗುತ್ತದೆ.

ಬ್ಯಾಟರಿಯ ಧನ ತುದಿಗೆ ಆದಷ್ಟು ಹತ್ತಿರ ಫ್ಯೂಸ್ ಇರಲೇಬೇಕು. ನೀರು ಹೊಗದ ಡಬ್ಬಿಯಲ್ಲಿಟ್ಟು ಪಟ್ಟಿಯಿಂದ ಬಿಗಿಯಬೇಕು, ದೋಣಿ ಮಗುಚಿದಾಗ ಒಳಗೆ ಉರುಳಾಡಬಾರದು. ವಿದ್ಯುತ್ ಮೋಟಾರ್ ಇದ್ದರೆ ಅದರ ಬ್ಯಾಟರಿಯನ್ನು ಫಿಶ್ ಫೈಂಡರಿಗೂ ಹಂಚಬಾರದು. ಮೋಟಾರಿನ ಗದ್ದಲ ಪರದೆಯ ತುಂಬ ಚುಕ್ಕೆಗಳಾಗಿ ಸುರಿಯುತ್ತದೆ.

ಈಗ ಪರದೆ. ಕಯಾಕಿನಲ್ಲಿ ಪರದೆ ಕಣ್ಣಿನಿಂದ ಒಂದು ತೋಳಿನಳತೆ ದೂರದಲ್ಲಿರುವುದರಿಂದ, ದೊಡ್ಡ ಬೋಟಿನಲ್ಲಿ ನಿಂತು ನೋಡುವವರಿಗೆ ಬೇಕಾದ ಗಾತ್ರ ಇಲ್ಲಿ ಬೇಕಿಲ್ಲ. ಆಳ, ತಳ, ಉಷ್ಣತೆ, ಜಿಪಿಎಸ್ ಗುರುತು ಇಷ್ಟೇ ಸಾಕಾದರೆ ನಾಲ್ಕೈದು ಇಂಚಿನ, ಚರ್ಪ್ ಇರುವ ಯಂತ್ರ ಸಾಕು. ಒಂದೇ ಆವರ್ತನದ ಬದಲು ಆವರ್ತನಗಳ ಒಂದು ಸರಣಿಯನ್ನೇ ಕಳಿಸುವ ಚರ್ಪ್, ತಳಕ್ಕೆ ಹತ್ತಿಕೊಂಡಿರುವ ಮೀನನ್ನೂ ಒತ್ತೊತ್ತಾಗಿರುವ ಮೀನುಗಳನ್ನೂ ಹಳೆಯ ಯಂತ್ರಗಳಿಗಿಂತ ಸ್ಪಷ್ಟವಾಗಿ ಬಿಡಿಸಿ ತೋರಿಸುತ್ತದೆ. ಪಕ್ಕಕ್ಕೆ ನೋಡುವ ಸೈಡ್ ಇಮೇಜಿಂಗ್ ಬೇಕಾದರೆ ಏಳು ಇಂಚಿಗೆ ಹೋಗಬೇಕು. 2005ರಲ್ಲಿ ಹಮ್ಮಿನ್‌ಬರ್ಡ್ ಕಂಪನಿ ಹವ್ಯಾಸಿಗಳಿಗೆ ತಂದುಕೊಟ್ಟ ಈ ತಂತ್ರ ದೋಣಿಯ ಎರಡೂ ಕಡೆಯ ನೆಲವನ್ನು ಹೆಚ್ಚುಕಡಿಮೆ ಫೋಟೋದಷ್ಟು ಸ್ಪಷ್ಟವಾಗಿ ಬಿಡಿಸುತ್ತದೆ. ಮುಳುಗಿದ ಮರದ ಕೊಂಬೆಗಳನ್ನು ಎಣಿಸಬಹುದು. ಆದರೆ ಅದು ದೋಣಿ ನೇರವಾಗಿ, ಒಂದೇ ವೇಗದಲ್ಲಿ ಸಾಗುತ್ತಿದ್ದರೆ ಮಾತ್ರ. ಹುಟ್ಟು ಹಾಕುವಾಗ ಒಂದೊಂದು ಎಳೆತಕ್ಕೂ ಮೂತಿ ಎಡಬಲಕ್ಕೆ ಹೊರಳುವುದರಿಂದ ಚಿತ್ರ ಅಲೆಅಲೆಯಾಗುತ್ತದೆ. 1997ರಲ್ಲಿ ಹೋಬಿ ಕಂಪನಿ ತಂದಂಥ ಕಾಲಿನಿಂದ ತುಳಿಯುವ ಕಯಾಕುಗಳಲ್ಲಿ ಈ ತೊಂದರೆ ಬಹಳ ಕಡಿಮೆ. ಹುಟ್ಟಿನ ಕಯಾಕಿದ್ದವರು ಆ ಹಣವನ್ನು ಒಳ್ಳೆಯ ಬ್ಯಾಟರಿಗೆ ಹಾಕುವುದು ಮೇಲು.

ಬಿಸಿಲಿನಲ್ಲಿ ಪರದೆ ಕಾಣುತ್ತದೆಯೇ ಎಂಬುದನ್ನು ಅಂಗಡಿಯ ಒಳಗೆ ನೋಡಿ ತೀರ್ಮಾನಿಸಬಾರದು. ಹೊರಗೆ ತಂದು, ಮೀನುಗಾರರು ಹಾಕುವ ಪೋಲರಾಯ್ಡ್ ಕನ್ನಡಕ ಹಾಕಿಕೊಂಡೇ ನೋಡಬೇಕು. ಕೆಲವು ಪರದೆಗಳು ಆ ಕನ್ನಡಕದ ಮೂಲಕ ಒಂದು ಕೋನದಲ್ಲಿ ಪೂರ್ತಿ ಕಪ್ಪಾಗುತ್ತವೆ. ಆಳದ ನಕ್ಷೆ ಸಿಗದ ನೀರಿನಲ್ಲಿ ಓಡಾಡುವವರು ಬೆಲೆಪಟ್ಟಿಯಲ್ಲಿ ಹುಡುಕಬೇಕಾದ್ದು, ಸಾಗಿದ ದಾರಿಯ ಆಳವನ್ನು ದಾಖಲಿಸಿ ತಾನೇ ನಕ್ಷೆ ಬರೆಯುವ ಸೌಲಭ್ಯ. ಗಾರ್ಮಿನ್, ಹಮ್ಮಿನ್‌ಬರ್ಡ್, ಲೊರೆನ್ಸ್ ಮೂರರಲ್ಲೂ ಬೇರೆ ಬೇರೆ ಹೆಸರಿನಲ್ಲಿ ಇದೆ, ಆದರೆ ಎಲ್ಲ ಮಾದರಿಗಳಲ್ಲೂ ಇಲ್ಲ.

ಬೇರೆ ಪರದೆಯೇ ಬೇಡವೆಂದರೆ, ಲಿಥುವೇನಿಯಾದ ಡೀಪರ್ ಕಂಪನಿಯ ಚೆಂಡಿನಂಥ ಸೋನಾರ್ ವೈಫೈ ಮೂಲಕ ಮೊಬೈಲಿಗೆ ಚಿತ್ರ ಕಳಿಸುತ್ತದೆ. ತಂತಿಯಿಲ್ಲ, ಬ್ಯಾಟರಿ ಡಬ್ಬಿಯಿಲ್ಲ. ಬಾಡಿಗೆ ಕಯಾಕಿನಲ್ಲಿ ಹೋಗುವವರಿಗೆ, ದಡದಿಂದ ಎಸೆಯುವವರಿಗೆ ಒಳ್ಳೆಯದು. ಮಧ್ಯಾಹ್ನದ ಬಿಸಿಲಿನಲ್ಲಿ, ಒದ್ದೆ ಬೆರಳಿನಲ್ಲಿ ಮೊಬೈಲ್ ಪರದೆಯನ್ನೇ ನೆಚ್ಚಿಕೊಳ್ಳುವುದು ಕಷ್ಟ, ಅದೂ ಸಮುದ್ರದಲ್ಲಿ.

ಗಾರ್ಮಿನ್ 2018ರಲ್ಲಿ ಲೈವ್‌ಸ್ಕೋಪ್ ತಂದ ಮೇಲೆ ಈ ಹವ್ಯಾಸದ ಚರ್ಚೆಯೇ ಬದಲಾಯಿತು. ಮುಂದೆ ಇರುವ ಮೀನು ಈಜುವುದು, ಗಾಳದ ಹಿಂದೆ ಬರುವುದು, ತಿರುಗಿ ಹೋಗುವುದು ಎಲ್ಲವೂ ಆ ಕ್ಷಣಕ್ಕೇ ಕಾಣುತ್ತದೆ. ಅಮೆರಿಕದ ವೃತ್ತಿಪರ ಸ್ಪರ್ಧೆಗಳಲ್ಲಿ ಒಂದಾದ ನ್ಯಾಷನಲ್ ಪ್ರೊಫೆಷನಲ್ ಫಿಶಿಂಗ್ ಲೀಗ್ 2025ರಿಂದ ಇಂಥ ಸೋನಾರನ್ನು ನಿಷೇಧಿಸಿತು. ಮೇಜರ್ ಲೀಗ್ ಫಿಶಿಂಗ್ ತನ್ನ ಮುಖ್ಯ ಸರಣಿಯಲ್ಲಿ ದಿನದ ಮೂರು ಅವಧಿಗಳಲ್ಲಿ ಒಂದಕ್ಕೆ ಸೀಮಿತಗೊಳಿಸಿತು. ಮೀನಿಗೆ ಅಡಗಲು ಜಾಗವೇ ಉಳಿಯುವುದಿಲ್ಲ ಎಂಬ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಅದನ್ನು ಬದಿಗಿಟ್ಟರೂ ಕಯಾಕಿಗೆ ಅದು ಹೊರೆ. ಪರದೆಯ ಬೆಲೆ ಬಿಟ್ಟು ಸಾವಿರ ಡಾಲರ್ ದಾಟುತ್ತದೆ, ಪರದೆಯೂ ಸೇರಿ ಹಲವು ಆಂಪಿಯರ್ ಎಳೆಯುವುದರಿಂದ ದಿನವಿಡೀ ನಡೆಸಲು ಹಲವು ಕೆಜಿಯ ಬ್ಯಾಟರಿ ಬೇಕು, ಬೇಕಾದ ಕಡೆಗೆ ತಿರುಗಿಸಲು ಕೋಲು ಹಿಡಿಯಬೇಕು. ಹುಟ್ಟು, ಗಾಳಗಳ ನಡುವೆ ಮೂರನೇ ಕೈ ಎಲ್ಲಿಂದ ಬರಬೇಕು?

ಯಂತ್ರ ಯಾವುದೇ ಇರಲಿ, ಆಳದ ಮೀನನ್ನು ತೋರಿಸಿಕೊಟ್ಟಾಗ ಒಂದು ಹೊಣೆಯೂ ಬರುತ್ತದೆ. ಪರದೆಯಲ್ಲಿ ಕಮಾನು ಮೂಡಿಸಿದ ಅದೇ ಗಾಳಿಚೀಲ, ಮೀನನ್ನು ಹತ್ತು ಹದಿನೈದು ಮೀಟರ್ ಕೆಳಗಿನಿಂದ ಸರಸರನೆ ಎಳೆದಾಗ ಉಬ್ಬುತ್ತದೆ. ಹೊಟ್ಟೆ ಬಾಯಿಗೆ ಬಂದ ಆ ಮೀನನ್ನು ಬಿಟ್ಟರೂ ಅದು ಕೆಳಗಿಳಿಯಲಾರದೆ ಮೇಲೆಯೇ ತೇಲಿ ಸಾಯುತ್ತದೆ. ಮೆಕ್ಸಿಕೊ ಕೊಲ್ಲಿಯ ಅಮೆರಿಕದ ಫೆಡರಲ್ ನೀರಿನಲ್ಲಿ ಬಂಡೆಮೀನು ಹಿಡಿಯುವವರು ಅದನ್ನು ಮತ್ತೆ ಆಳಕ್ಕಿಳಿಸುವ ಸಾಧನವನ್ನೋ ಗಾಳಿ ತೆಗೆಯುವ ಸೂಜಿಯನ್ನೋ ಸಜ್ಜಾಗಿ ಇಟ್ಟುಕೊಂಡಿರಬೇಕೆಂದು 2022ರಲ್ಲಿ ಕಾನೂನೇ ಜಾರಿಗೆ ಬಂತು. ಹಿಡಿದು ಬಿಡುವ ಹವ್ಯಾಸದವರು ಪರದೆಯಲ್ಲಿ ಆಳದ ಮೀನು ಕಂಡಾಗ ಗಾಳ ಇಳಿಸದಿರುವುದೇ ಮೇಲು.

ಆರೈಕೆಯಲ್ಲಿ ಮೊದಲ ಶತ್ರು ಉಪ್ಪುನೀರು, ಅದರಲ್ಲೂ ಕನೆಕ್ಟರಿನೊಳಗೆ ಕೂತ ಒಂದು ಹನಿ. ಪರದೆಯ ಹಿಂದಿನ ಪ್ಲಗ್ ಕಿತ್ತು ಬೆಳಕಿಗೆ ಹಿಡಿದು ನೋಡಿದರೆ ಕಥೆ ತಿಳಿಯುತ್ತದೆ. ಚೆನ್ನಾಗಿರುವ ಪಿನ್ನುಗಳು ಥಳಥಳಿಸುತ್ತವೆ. ಕೆಡಲು ಶುರುವಾದ ಪ್ಲಗ್ಗಿನಲ್ಲಿ ಧನ ಪಿನ್ನಿನ ಬುಡದಲ್ಲಿ ಹಸಿರು ಪುಡಿ ಕೂತಿರುತ್ತದೆ, ಕೆಲವೊಮ್ಮೆ ಪಿನ್ನೇ ಸವೆದು ಸೂಜಿಯಂತಾಗಿರುತ್ತದೆ. ಉಪ್ಪುನೀರಿನ ಹನಿಯ ಮೂಲಕ ಎರಡು ಪಿನ್ನುಗಳ ನಡುವೆ 12 ವೋಲ್ಟಿನ ಕರೆಂಟ್ ಹರಿಯುತ್ತ ಲೋಹವನ್ನು ತಿನ್ನುವ ಬಗೆ ಇದು. ಇದನ್ನು ತಡೆಯಲು ಪ್ಲಗ್ ಹಾಕುವ ಮೊದಲು ಡೈಎಲೆಕ್ಟ್ರಿಕ್ ಗ್ರೀಸ್ ತೆಳುವಾಗಿ ಸವರಬೇಕು. ದಡಕ್ಕೆ ಬಂದೊಡನೆ ಬ್ಯಾಟರಿಯ ಕಡೆಯ ಸಂಪರ್ಕ ಮೊದಲು ತೆಗೆಯಬೇಕು. ಮನೆಗೆ ಬಂದು ಸಿಹಿನೀರಿನಲ್ಲಿ ಒರೆಸಿ, ಪ್ಲಗ್ಗುಗಳನ್ನು ನೆರಳಿನಲ್ಲಿ ಬಾಯಿ ಕೆಳಗಾಗಿ ಒಣಗಲು ಬಿಡಬೇಕು. ಪೆಟ್ಟಿಗೆಯ ಮೇಲೆ ಐಪಿಎಕ್ಸ್7 ಎಂದಿದ್ದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತದೆ ಎಂದಷ್ಟೇ ಅರ್ಥ. ಕಾರು ತೊಳೆಯುವ ಜೋರು ಪೈಪಿಗೂ ವರ್ಷಾನುಗಟ್ಟಲೆ ಉಪ್ಪಿಗೂ ಅದು ಭರವಸೆ ಕೊಡುವುದಿಲ್ಲ. ಮೆಮೊರಿ ಕಾರ್ಡಿನ ರಬ್ಬರ್ ಮುಚ್ಚಳದಲ್ಲಿ ಮರಳಿನ ಒಂದು ಕಣ ಸಿಕ್ಕಿಕೊಂಡರೂ ನೀರು ಒಳಗೆ ಹೋಗುತ್ತದೆ.

ಪರದೆಯನ್ನು ಸ್ಪಿರಿಟ್‌ನಲ್ಲಾಗಲಿ ಅಮೋನಿಯಾ ಇರುವ ಗಾಜು ಒರೆಸುವ ದ್ರವದಲ್ಲಾಗಲಿ ಒರೆಸಬಾರದು, ಮೇಲಿನ ಲೇಪ ಎದ್ದುಹೋಗುತ್ತದೆ. ಉಪ್ಪು ಒಣಗಿರುವಾಗ ಬಟ್ಟೆಯಿಂದ ಉಜ್ಜಿದರೆ ಗೀರು ಬೀಳುತ್ತದೆ. ಮೊದಲು ನೀರು ಹಾಕಿ ಕರಗಿಸಬೇಕು. ಸೊಳ್ಳೆ ಓಡಿಸುವ ಮುಲಾಮಿನಲ್ಲಿರುವ ಡೀಟ್ ಪ್ಲಾಸ್ಟಿಕ್ಕನ್ನು ಕರಗಿಸುವುದರಿಂದ ಅದನ್ನು ಹಚ್ಚಿಕೊಂಡ ಕೈಯಲ್ಲಿ ಗುಂಡಿ ಒತ್ತಬಾರದು. ಟ್ರಾನ್ಸ್‌ಡ್ಯೂಸರಿನ ಮುಖಕ್ಕೆ ಸೋಪಿನ ನೀರು, ಮೆದು ಬಟ್ಟೆ ಸಾಕು. ಕಯಾಕನ್ನು ನೀರಲ್ಲೇ ಬಿಡದ ಕಾರಣ ಪಾಚಿ, ಚಿಪ್ಪು ಕಟ್ಟುವುದು ಅಪರೂಪ. ಮರಳಿನ ಮೇಲೆ ಎಳೆದು ಮುಖ ಸವೆಯುವುದೇ ಹೆಚ್ಚು. ತಂತಿಯನ್ನು ಚೂಪಾಗಿ ಮಡಚಬಾರದು, ಉದ್ದವಾಯಿತೆಂದು ಕತ್ತರಿಸಬಾರದು, ದೊಡ್ಡ ಸುರುಳಿಯಾಗಿ ಸುತ್ತಿಡಬೇಕು. ತಿಂಗಳುಗಟ್ಟಲೆ ಬಳಸದಿದ್ದರೆ ಲಿಥಿಯಂ ಬ್ಯಾಟರಿಯನ್ನು ಅರ್ಧ ಚಾರ್ಜಿನಲ್ಲಿ, ಸೀಸದ್ದನ್ನು ಪೂರ್ತಿ ಚಾರ್ಜಿನಲ್ಲಿ ಇಡಬೇಕು. ಗುರುತು ಮಾಡಿಟ್ಟ ಜಾಗಗಳನ್ನು ಆಗಾಗ ಕಾರ್ಡಿಗೆ ನಕಲು ಮಾಡಿಕೊಳ್ಳಬೇಕು. ಯಂತ್ರ ಹೋದರೆ ಇನ್ನೊಂದು ಕೊಳ್ಳಬಹುದು, ನೀರಿನಲ್ಲಿ ಅಲೆದು ಕಂಡುಕೊಂಡ ಕಲ್ಲುದಿಬ್ಬಗಳ ಪಟ್ಟಿ ಎಲ್ಲೂ ಸಿಗುವುದಿಲ್ಲ.

ಹಳೆಯ ಸೆಟ್ ಕೊಳ್ಳುವವರು ನೋಡಬೇಕಾದದ್ದು ಇಷ್ಟು: ಪ್ಲಗ್ಗಿನ ಪಿನ್ನುಗಳು, ತಂತಿಯ ಮೇಲೆ ಟೇಪು ಸುತ್ತಿದ ಗಾಯ, ಟ್ರಾನ್ಸ್‌ಡ್ಯೂಸರಿನ ಮುಖದ ಬಿರುಕು. ಚಾಲೂ ಮಾಡಿ ಟ್ರಾನ್ಸ್‌ಡ್ಯೂಸರನ್ನು ಕಿವಿಯ ಹತ್ತಿರ ಹಿಡಿದರೆ ಟಿಕ್ ಟಿಕ್ ಎಂದು ಸಣ್ಣಗೆ ಮಿಡಿಯುವುದು ಕೇಳಬೇಕು; ಪರದೆಯ ಮೇಲೆ ಉಷ್ಣತೆ ಸುತ್ತಲಿನದಕ್ಕೆ ಹತ್ತಿರವಿರಬೇಕು. ಆಮೇಲೆ ಒಂದು ದೋಣಿ ಕೇಳಿ ಪಡೆದು, ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸಿ ಅಳೆದ ಆಳಕ್ಕೂ ಪರದೆಯ ಅಂಕಿಗೂ ತಾಳೆ ನೋಡುವುದು. ಮಾರುವವರು ಇದಕ್ಕೆ ಒಪ್ಪದಿದ್ದರೆ ಕೊಳ್ಳಬೇಡಿ.